ಹೊಲಿಗೆ ಮೆಷೀನಿನಿಂದ ಬಂದ ಹೆಸರು

ತೀರ್ಥಹಳ್ಳಿಯಲ್ಲಿ ಮಳೆ ಜೋರಾದರೆ ನಮ್ಮನೆ ಕರೆಂಟು ಹೋಗುತ್ತದೆ. ಅಮ್ಮ ಜಗಲಿಯಲ್ಲಿ ಹೊಲಿಗೆ ಮೆಷೀನ್ ತುಳಿಯುತ್ತಾ ಕೂರುತ್ತಾರೆ. ನಾನು ಪಕ್ಕದಲ್ಲೇ ಇಯರ್‌ಫೋನ್ ಹಾಕಿಕೊಂಡು ಎಸಿ/ಡಿಸಿ ಅನ್ನೋ ರಾಕ್ ಬ್ಯಾಂಡಿನ ಹಾಡು ಕೇಳುತ್ತೇನೆ. ಈ ಬ್ಯಾಂಡಿಗೆ ಹೆಸರು ಸಿಕ್ಕಿದ್ದೂ ಹೊಲಿಗೆ ಮೆಷೀನಿನಿಂದಲೇ! 1973ರಲ್ಲಿ ಸಿಡ್ನಿಯಲ್ಲಿ ಮಾಲ್ಕಮ್ ಯಂಗ್, ಆಂಗಸ್ ಯಂಗ್ ಅಣ್ಣತಮ್ಮಂದಿರು ಬ್ಯಾಂಡ್ ಕಟ್ಟಿದರು. ಮೆಷೀನಿನ ಮೇಲಿದ್ದ ಆ ಅಕ್ಷರಗಳನ್ನು ಗಮನಿಸಿದ್ದು ಅವರ ಅಕ್ಕ ಮಾರ್ಗರೆಟ್. ಆಂಗಸ್ ಸ್ಕೂಲ್ ಯೂನಿಫಾರ್ಮ್ ಹಾಕಿ ಗಿಟಾರ್ ನುಡಿಸುವುದೂ ಅಕ್ಕನ ಐಡಿಯಾನೇ.

ನನ್ನನ್ನು ಜಾಸ್ತಿ ಕಾಡುವುದು 1980. ಫೆಬ್ರವರಿಯಲ್ಲಿ ಬ್ಯಾಂಡಿನ ಹಾಡುಗಾರ ಬಾನ್ ಸ್ಕಾಟ್ ತೀರಿಕೊಂಡರು. ಬರೀ 33 ವರ್ಷ. ಜುಲೈ ಹೊತ್ತಿಗೆ ಹೊಸ ಹಾಡುಗಾರ ಬ್ರಯಾನ್ ಜಾನ್ಸನ್ ದನಿಯಲ್ಲಿ 'ಬ್ಯಾಕ್ ಇನ್ ಬ್ಲ್ಯಾಕ್' ಆಲ್ಬಮ್ ಬಂತು. ಅಗಲಿದ ಗೆಳೆಯನಿಗಾಗಿ ಕವರೆಲ್ಲ ಕಪ್ಪು. ಮೊದಲ ಹಾಡು ಶುರುವಾಗುವುದೇ ಗಂಟೆಯ ಸದ್ದಿನಿಂದ. ಅಪ್ಪ ಹೋದ ಮಳೆಗಾಲದಲ್ಲಿ ಆ ಗಂಟೆ ಕೇಳಿ ಇದೇ ಜಗಲಿಯಲ್ಲಿ ಅತ್ತಿದ್ದೆ.