ಎದೆ ಹಿಡಿದುಕೊಂಡಾಗ ಸೋಡಾ ಕುಡಿಸಬೇಡಿ

ಗೋವಾದಲ್ಲಿ ಪಾರ್ಟಿ ಮುಗಿಸಿ ಬಂದ ಇಪ್ಪತ್ತೈದರ ಹುಡುಗನಿಗೆ ಬೆಳಗಿನ ಜಾವ ಎದೆ ಬಿಗಿದರೆ, ನಮ್ಮ ಕಡೆ ಮೊದಲು ಕೈಗೆ ಸಿಗುವುದು ಸೋಡಾ, ಆಮೇಲೆ ಗ್ಯಾಸಿನ ಮಾತ್ರೆ. ಆದರೆ ಅವನು ಎಳೆದದ್ದು ಕೊಕೇನ್ ಆಗಿದ್ದರೆ ಲೆಕ್ಕವೇ ಬೇರೆ. 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಕೊಕೇನ್ ತೆಗೆದುಕೊಂಡ ಮೊದಲ ಒಂದು ಗಂಟೆಯಲ್ಲಿ ಹೃದಯಾಘಾತದ ಅಪಾಯ ಸುಮಾರು 24 ಪಟ್ಟು ಏರಿದ್ದು ಕಂಡುಬಂತು. ನೋವು ಕೆಲವು ಗಂಟೆ ತಡವಾಗಿಯೂ ಬರಬಹುದು.

ನರದ ತುದಿಯಿಂದ ಹೊರಬಿದ್ದ, ಹೃದಯವನ್ನು ಜೋರಾಗಿ ಓಡಿಸುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಮತ್ತೆ ಒಳಗೆ ಹೋಗದಂತೆ ಕೊಕೇನ್ ತಡೆಯುತ್ತದೆ. ಬಡಿತ, ಬಿ.ಪಿ. ಎರಡೂ ಏರಿ ಹೃದಯಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಅದೇ ಹೊತ್ತಿಗೆ ಹೃದಯದ ರಕ್ತನಾಳಗಳು ಸಂಕುಚಿಸುತ್ತವೆ. ತೋಟದ ಪಂಪು ಜೋರಾಗಿ ಓಡುತ್ತಿರುವಾಗ ಪೈಪಿನ ಮೇಲೆ ಕಾಲಿಟ್ಟ ಹಾಗೆ. ಸಾಲದ್ದಕ್ಕೆ ರಕ್ತ ಹೆಪ್ಪುಗಟ್ಟುವುದೂ ಹೆಚ್ಚುತ್ತದೆ. ಸಿಗರೇಟು ಸೇರಿದರೆ ನಾಳ ಇನ್ನಷ್ಟು ಬಿಗಿಯುತ್ತದೆ. ಹೆಂಡ ಸೇರಿದರೆ ಯಕೃತ್ತಿನಲ್ಲಿ ಎರಡೂ ಕೂಡಿ ಕೋಕಎಥಿಲೀನ್ ಎಂಬ ವಸ್ತು ಹುಟ್ಟುತ್ತದೆ, ಅದು ಕೊಕೇನಿಗಿಂತ ಹೆಚ್ಚು ಹೊತ್ತು ಮೈಯಲ್ಲಿ ಉಳಿಯುತ್ತದೆ.

1884ರಲ್ಲಿ ವಿಯೆನ್ನಾದ ವೈದ್ಯ ಕಾರ್ಲ್ ಕೊಲ್ಲರ್ ಕಣ್ಣನ್ನು ಮರಗಟ್ಟಿಸಲು ಬಳಸಿದ್ದು ಇದೇ ಕೊಕೇನನ್ನು. ನರದ ಸಂಕೇತ ಹರಿಯಲು ಬೇಕಾದ ಸೋಡಿಯಂ ಚಾನೆಲ್ ಎಂಬ ಸಣ್ಣ ಬಾಗಿಲುಗಳನ್ನು ಮುಚ್ಚುವ ಆ ಗುಣವೇ ಹೃದಯದಲ್ಲಿ ವಿದ್ಯುತ್ತಿನ ಓಟ ನಿಧಾನಿಸಿ, ಲಯ ತಪ್ಪಿಸುತ್ತದೆ. ಇಸಿಜಿಯಲ್ಲಿ ಕ್ಯುಆರ್‌ಎಸ್ ಎಂಬ ಚೂಪು ಅಲೆ ಅಗಲವಾದರೆ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಸೋಡಿಯಂ ಬೈಕಾರ್ಬನೇಟ್ ಕೊಡುವುದು ಇದಕ್ಕೇ.

ನೋವು ಬಂದವನನ್ನು ಕೂರಿಸಿ 108ಕ್ಕೆ ಕರೆ ಮಾಡಿ. ಬೈಕ್ ಕೊಡಬೇಡಿ. ಮನೆಯಲ್ಲಿ ಅಜ್ಜನಿಗೆಂದು ಇಟ್ಟ ಬಿ.ಪಿ. ಮಾತ್ರೆ ಅಟೆನೊಲಾಲ್ ನುಂಗಿಸಲೇಬೇಡಿ: ನಾಳ ಸಡಿಲಿಸುವ ಬೀಟಾ ಹಾದಿ ಮುಚ್ಚಿ, ನಾಳ ಬಿಗಿಸುವ ಆಲ್ಫಾ ಹಾದಿ ಮಾತ್ರ ತೆರೆದುಳಿದರೆ ನಾಳ ಮತ್ತಷ್ಟು ಬಿಗಿಯಬಹುದು. ಕುಸಿದು ಉಸಿರು ನಿಂತರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಿ.

ವೈದ್ಯರ ಹತ್ತಿರ ಮಾತ್ರ ಮುಚ್ಚಿಡಬೇಡಿ. ಏನು, ಎಷ್ಟು ಹೊತ್ತಿಗೆ, ಜೊತೆಗೆ ಹೆಂಡ ಇತ್ತೇ, ಸಿಲ್ಡೆನಾಫಿಲ್ (ವಯಾಗ್ರ) ಮಾತ್ರೆ ನುಂಗಿದ್ದನೇ, ಎಲ್ಲ ಹೇಳಿ. ಸಿಲ್ಡೆನಾಫಿಲ್ ಮೇಲೆ, ಎದೆನೋವಿಗೆ ಕೊಡುವ ನಾಳ ಹಿಗ್ಗಿಸುವ ಔಷಧಿ ನೈಟ್ರೋಗ್ಲಿಸರಿನ್ ಕೊಟ್ಟರೆ ಬಿ.ಪಿ. ಪಾತಾಳಕ್ಕಿಳಿಯುತ್ತದೆ. ಗೊತ್ತಿದ್ದರೆ ಅವರು ಡಯಾಜೆಪಾಮ್‌ನಂಥ, ಉದ್ವೇಗ ಇಳಿಸುವ ಔಷಧಿಯಿಂದ ಶುರುಮಾಡುತ್ತಾರೆ, ಆಸ್ಪಿರಿನ್ ಕೊಡುತ್ತಾರೆ. ಪೊಲೀಸರ ಭಯಕ್ಕೆ ಸುಮ್ಮನಿರುವವರೇ ಹೆಚ್ಚು; ಆದರೆ ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಲ್ಲಿ, ತಾನಾಗಿ ವ್ಯಸನಮುಕ್ತಿ ಚಿಕಿತ್ಸೆಗೆ ಬರುವ ವ್ಯಸನಿಗೆ ಸೇವನೆಯಂಥ ಪ್ರಕರಣಗಳಲ್ಲಿ ಮೊಕದ್ದಮೆಯಿಂದ ರಕ್ಷಣೆ ಇದೆ.

ಮೊದಲ ಇಸಿಜಿ ಸರಿಯಿದೆ ಎಂದು ಎದ್ದು ಬರಬೇಡಿ. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಿದೆಯೇ ಎಂದು ರಕ್ತದಲ್ಲಿ ನೋಡುವ ಟ್ರೋಪೋನಿನ್ ಪರೀಕ್ಷೆ ಮತ್ತೆ ಮಾಡಬೇಕು, 9ರಿಂದ 12 ಗಂಟೆ ನಿಗಾ ಬೇಕು. ಗೋಕರ್ಣದ ಹುಡುಗನಿಗೆ ಕಾರವಾರವೇ ಸುಮಾರು 60 ಕಿ.ಮೀ.; ಅಲ್ಲಿಂದಲೂ ಮಣಿಪಾಲ, ಮಂಗಳೂರು ಅಥವಾ ಗೋವಾಕ್ಕೆ ಹೋಗಬೇಕಾಗಿ ಬಂದರೆ, ಮಳೆಗಾಲದಲ್ಲಿ ಗುಡ್ಡ ಜರಿದ ಹೆದ್ದಾರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸೋಡಾ ಕುಡಿಸಿ ಕಾಯುವ ಅರ್ಧ ಗಂಟೆ ಈ ದಾರಿಯ ಲೆಕ್ಕದಿಂದಲೇ ಹೋಗುತ್ತದೆ.