ಚಿಕ್ಕಮಗಳೂರಿಗೆ ಮಕ್ಕಳ ಜೊತೆ ಹೊರಟಿದ್ದೀರಾ? ಹಗಲಿನ ಸೊಳ್ಳೆ ನೆನಪಿರಲಿ

ಕಳೆದ ವರ್ಷ ಜೂನ್‌ನಲ್ಲಿ ಬೇಲೂರು, ಹಳೇಬೀಡು ನೋಡಿಕೊಂಡು ಆಲ್ದೂರು ಕಡೆಯ ಒಂದು ಹೋಂಸ್ಟೇಯಲ್ಲಿ ಎರಡು ರಾತ್ರಿ ಇದ್ದು ಬಂದೆವು. ಬೆಂಗಳೂರಿಗೆ ವಾಪಸ್ ಬಂದ ಆರನೇ ದಿನ ಮಗನಿಗೆ ಜ್ವರ. 103 ಡಿಗ್ರಿ. ಕಣ್ಣು ಹೊರಳಿಸಿದರೆ ನೋವಾಗುತ್ತದೆ ಅಂದ. ಮಳೆಯಲ್ಲಿ ನೆನೆದಿದ್ದಾನೆ, ಅದಕ್ಕೇ ಇರಬೇಕು ಅಂದುಕೊಂಡೆ. ಮೈಕೈ ನೋವು ಅಂತ ಅಳುತ್ತಿದ್ದುದಕ್ಕೆ ಮನೆಯಲ್ಲಿದ್ದ ಐಬುಪ್ರೊಫೆನ್ ಸಿರಪ್ ಒಂದು ಸಲ ಕುಡಿಸಿದೆ. ಅದು ಡೆಂಗ್ಯೂ. ಆ ಒಂದು ಚಮಚ ಸಿರಪ್ ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ.

ಡೆಂಗ್ಯೂ ಜ್ವರಕ್ಕೆ ಪ್ಯಾರಸಿಟಮಾಲ್ ಒಂದೇ, ಅದೂ ಮಗುವಿನ ತೂಕ ನೋಡಿ. ಐಬುಪ್ರೊಫೆನ್, ಆಸ್ಪಿರಿನ್, ಡೈಕ್ಲೋಫೆನಾಕ್ ಯಾವುದೂ ಬೇಡ. ರಕ್ತಸ್ರಾವ ಜಾಸ್ತಿಯಾಗುವ ಭಯ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪ್ರವಾಸದ ಔಷಧಿ ಡಬ್ಬಿಯಲ್ಲಿ ನೋವಿನ ಮಾತ್ರೆ ಇಟ್ಟುಕೊಳ್ಳದವರು ಯಾರಿದ್ದಾರೆ?

ಮಗ ಹುಷಾರಾದ. ಈ ವರ್ಷ ಅಕ್ಟೋಬರ್‌ನಲ್ಲಿ ಅದೇ ದಾರಿಯಲ್ಲಿ ಮತ್ತೆ ಹೋದೆವು, ಅತ್ತೆಯವರೂ ಜೊತೆಗಿದ್ದರು. ಹೋಗುವುದಾ ಬೇಡವಾ ಅಂತ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಡೆಂಗ್ಯೂ ವೈರಸ್‌ನಲ್ಲಿ ನಾಲ್ಕು ಬಗೆ ಇವೆ. ಒಂದು ಬಂದು ಹೋದರೆ ಆ ಬಗೆಯದ್ದು ಮತ್ತೆ ಬರುವುದಿಲ್ಲ, ಇನ್ನೊಂದು ಬಗೆಯದ್ದು ಬರಬಹುದು. ಎರಡನೇ ಸಲ ಬಂದರೆ ಜೋರಾಗಿ ಬರುವ ಅಪಾಯ ಹೆಚ್ಚು. ಆದರೂ ಮಲೆನಾಡನ್ನೇ ಬಿಟ್ಟು ಬದುಕಲಾಗುತ್ತದೆಯೇ? ತಯಾರಿ ಮಾಡಿಕೊಂಡು ಹೊರಟೆವು.

ಮೊದಲ ಸಲ ನಾವು ಮಾಡಿದ್ದ ದೊಡ್ಡ ತಪ್ಪು, ರಾತ್ರಿ ಸೊಳ್ಳೆಗೆ ಹೆದರಿದ್ದು. ಸಂಜೆಯಾದ ಮೇಲೆ ಬಾಗಿಲು ಹಾಕಿ, ಲಿಕ್ವಿಡ್ ಹಚ್ಚಿ, ಪರದೆ ಕಟ್ಟಿ ಮಲಗಿದ್ದೆವು. ಬೆಳಗ್ಗೆ ಮಾತ್ರ ಮಕ್ಕಳು ಚಡ್ಡಿಯಲ್ಲೇ ಜಗಲಿಯ ಮೇಲೆ ಕೂತು ಹಾಲು ಕುಡಿದರು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ. ಬೆಳಗಾದ ಮೇಲಿನ ಒಂದೆರಡು ಗಂಟೆ ಮತ್ತು ಹೊತ್ತು ಮುಳುಗುವ ಮುಂಚಿನ ಹೊತ್ತು ಅದಕ್ಕೆ ಹಬ್ಬ. ಕಪ್ಪು ಮೈ, ಕಾಲಿನ ಮೇಲೆ ಬಿಳಿ ಪಟ್ಟೆ. ಕಚ್ಚುವುದು ಹೆಚ್ಚಾಗಿ ಮೊಣಕಾಲಿನ ಕೆಳಗೆ, ಮೆಲ್ಲಗೆ. ಹೋಂಸ್ಟೇ ಜಗಲಿ, ಮರದ ನೆರಳು, ಬೆಳಗಿನ ಕಾಫಿ ಎಲ್ಲಾ ಅದೇ ಹೊತ್ತಿನಲ್ಲಿ ಬರುತ್ತದೆ ನೋಡಿ.

ಹಾಗಾಗಿ ಈ ಸಲ ಎದ್ದ ತಕ್ಷಣ ಮಕ್ಕಳಿಗೆ ತೆಳು ಬಣ್ಣದ ಉದ್ದ ಪ್ಯಾಂಟು, ತುಂಬುತೋಳಿನ ಅಂಗಿ, ಸಾಕ್ಸ್. ಸೊಳ್ಳೆ ಕ್ರೀಮ್ ಕೊಳ್ಳುವಾಗ ಡೀಟ್ ಅಥವಾ ಇಕಾರಿಡಿನ್ ಇದೆಯಾ ಅಂತ ಓದಿ ನೋಡಿ. ಸನ್‌ಸ್ಕ್ರೀನ್ ಹಚ್ಚುವುದಿದ್ದರೆ ಮೊದಲು ಅದು, ಆಮೇಲೆ ಇದು. ಚಿಕ್ಕ ಮಕ್ಕಳ ಅಂಗೈಗೆ ಹಚ್ಚಬೇಡಿ, ಬಾಯಿಗೆ ಹಾಕಿಕೊಳ್ಳುತ್ತಾರೆ. ಎರಡು ತಿಂಗಳ ಒಳಗಿನ ಕೂಸಿಗೆ ಕ್ರೀಮೇ ಬೇಡ, ಪರದೆಯೊಂದೇ ಸಾಕು. ಬೇಲೂರಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಲ್ವಾ, ಸಾಕ್ಸ್ ಹಾಕಿಕೊಂಡೇ ಪ್ರಾಂಗಣ ಸುತ್ತಿದೆವು. ಬಿಸಿಲಿಗೆ ಕಾದ ಕಲ್ಲಿನಿಂದಲೂ ಕಾಲು ಉಳಿಯಿತು. ಮುಳ್ಳಯ್ಯನಗಿರಿಯ ಮೇಲಿನ ಗಾಳಿಯಲ್ಲಿ ಸೊಳ್ಳೆ ಕಾಟವೇ ಇರಲಿಲ್ಲ.

ಅತ್ತೆಗೆ ಬೇಲೂರಿನ ಪುಷ್ಕರಣಿ, ಯಗಚಿ ನೀರು ಕಂಡರೆ ಭಯ. "ಅಷ್ಟೊಂದು ನೀರು ನಿಂತಿದೆ, ಸೊಳ್ಳೆ ಇರಲ್ವಾ?" ಅಂದರು. ಈ ಸೊಳ್ಳೆಗೆ ಕೆರೆ ಬೇಡ. ಒಂದು ಚೊಂಬಿನಷ್ಟು ತಿಳಿನೀರು ಸಾಕು. ಕಾಫಿ ಕಣಕ್ಕೆ ಹೊದಿಸಿದ ಟಾರ್ಪಾಲಿನ ಮಡಿಕೆ, ಬಿದ್ದ ಅಡಿಕೆ ಹಾಳೆ, ಎಳನೀರು ಬುರುಡೆ, ಹಳೇ ಟೈರು, ಮುಚ್ಚಳವಿಲ್ಲದ ಡ್ರಮ್ಮು. ದೂರ ಹಾರುವ ಜಾತಿಯೂ ಅಲ್ಲ. ನಿಮ್ಮ ಮಗುವಿಗೆ ಕಚ್ಚಿದ ಸೊಳ್ಳೆ ಬಹುಶಃ ನೀವಿರುವ ಅಂಗಳದಲ್ಲೇ ಹುಟ್ಟಿರುತ್ತದೆ.

ಈ ಸಲದ ಹೋಂಸ್ಟೇ ಬೇರೆ. ಬಾಗಿಲಲ್ಲಿ ದೊಡ್ಡ ಹಿತ್ತಾಳೆ ಉರುಳಿ, ತುಂಬಾ ನೀರು, ಮೇಲೆ ಸೇವಂತಿಗೆ ದಳ ತೇಲುತ್ತಿತ್ತು. ಮಕ್ಕಳು ಫೋಟೋ ತೆಗೆಯುತ್ತಿದ್ದರು. ನಾನು ಬಗ್ಗಿದೆ. ದಳಗಳ ಸಂದಿಯಲ್ಲಿ ನೂಲಿನ ಎಳೆಯಷ್ಟು ಸಣ್ಣ ಹುಳುಗಳು, ತಲೆ ಕೆಳಗೆ ಮಾಡಿ ನೇತಾಡುತ್ತಿದ್ದವು. ನನ್ನ ನೆರಳು ಬಿದ್ದದ್ದೇ ತಡ, ಎಲ್ಲಾ ಒಟ್ಟಿಗೆ ತಿರುಚಿಕೊಂಡು ತಳಕ್ಕೆ ಇಳಿದವು. ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಮೇಲೆ ಬಂದವು.

ಸೊಳ್ಳೆ ಮರಿಗಳು! ಹೋಂಸ್ಟೇ ಅಕ್ಕನನ್ನು ಕರೆದು ತೋರಿಸಿದೆ. "ಅಯ್ಯೋ, ನಿನ್ನೆ ತಾನೇ ಹೂ ಬದಲಾಯಿಸಿದ್ದೆನಲ್ಲಮ್ಮಾ" ಅಂದರು. ಹೂ ಬದಲಾಗಿತ್ತು, ನೀರು ಅದೇ ಇತ್ತು. ಪಾಪ, ಮುಖ ಸಣ್ಣಗಾಯಿತು. ಆದರೆ ಒಂದು ನಿಮಿಷ ತಡ ಮಾಡಲಿಲ್ಲ. ಉರುಳಿ ಎತ್ತಿ ಬಿಸಿಲು ಬಿದ್ದ ಒಣ ನೆಲಕ್ಕೆ ಸುರಿದರು. ತೆಂಗಿನ ನಾರಿನಿಂದ ಒಳಗಿನ ಅಂಚು ಉಜ್ಜಿ ತೊಳೆದರು. ಉಜ್ಜುವುದು ಮುಖ್ಯ. ಮೊಟ್ಟೆ ನೀರಿನಲ್ಲಿ ತೇಲುವುದಿಲ್ಲ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಪಾತ್ರೆಗೆ ಅಂಟಿಕೊಂಡಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ, ನೀರು ತಗುಲಿದಾಗ ಒಡೆಯುತ್ತದೆ. ಆಮೇಲೆ ಇಬ್ಬರೂ ಸೇರಿ ಅಂಗಳ ಸುತ್ತಿದೆವು. ಕೋಣೆಯ ಮನಿಪ್ಲಾಂಟ್ ಬಾಟಲಿ, ಫಿಲ್ಟರ್ ಕೆಳಗಿನ ತಟ್ಟೆ, ಬಳಸದ ಬಚ್ಚಲಿನ ಬಕೆಟ್ಟು ಎಲ್ಲಾ ಖಾಲಿ ಮಾಡಿದೆವು. ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಸುಮ್ನೆ ಇರಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಸೊಳ್ಳೆ ಹುಟ್ಟಲು ಬಿಟ್ಟ ಜಾಗದವರಿಗೆ ದಂಡ ಹಾಕುವ ನಿಯಮವನ್ನೂ ತಂದಿತು.

ರೂಮ್ ಬುಕ್ ಮಾಡುವ ಮುಂಚೆ ಫೋನಿನಲ್ಲೇ ಕೇಳಿಬಿಡಿ, ಕಿಟಕಿಗೆ ಜಾಲರಿ ಇದೆಯಾ, ಫ್ಯಾನ್ ಇದೆಯಾ ಅಂತ. ಮಲೆನಾಡಿನ ಚಳಿಗೆ ಫ್ಯಾನ್ ಯಾಕೆ ಅನ್ನಬೇಡಿ, ಗಾಳಿ ಜೋರಿದ್ದರೆ ಸೊಳ್ಳೆಗೆ ಕೂರಲಾಗುವುದಿಲ್ಲ. ಮಧ್ಯಾಹ್ನ ಮಲಗುವ ಮಗುವಿಗೂ ಪರದೆ ಬೇಕು. ಇಂಬಳಕ್ಕೆ ಅಂತ ಕಾಲಿಗೆ ಉಪ್ಪು, ಸುಣ್ಣ ಹಚ್ಚಿಕೊಂಡರೆ ಸೊಳ್ಳೆ ಬಿಡುವುದಿಲ್ಲ.

ವಾಪಸ್ ಬಂದ ಮೇಲೆ ಹದಿನಾಲ್ಕು ದಿನ ಎಚ್ಚರ ಇರಲಿ. ಸೊಳ್ಳೆ ಕಚ್ಚಿ ಸಾಮಾನ್ಯವಾಗಿ 4ರಿಂದ 10 ದಿನಕ್ಕೆ ಜ್ವರ ಕಾಣಿಸುತ್ತದೆ. ಜ್ವರ ಬಂದರೆ ಡಾಕ್ಟರಿಗೆ ಎಲ್ಲಿಗೆ ಹೋಗಿದ್ದಿರಿ ಅಂತ ಹೇಳಿ. ಕಾಡಿನೊಳಗೆ ಓಡಾಡಿದ್ದರೆ ಅದನ್ನೂ ಹೇಳಿ, ಆ ಕಡೆ ಉಣ್ಣೆ ಹುಳ ಕಚ್ಚಿ ಬರುವ ಮಂಗನ ಕಾಯಿಲೆಯೂ ಇದೆ. ಡೆಂಗ್ಯೂ ಹೌದಾ ಅಂತ ತಿಳಿಯಲು ಜ್ವರದ ಮೊದಲ ಐದು ದಿನದೊಳಗೆ ಎನ್‌ಎಸ್1 ಅನ್ನುವ ರಕ್ತ ಪರೀಕ್ಷೆ, ಆಮೇಲಾದರೆ ಐಜಿಎಂ ಪರೀಕ್ಷೆ.

ನನ್ನ ಮಗನಿಗೆ ಐದನೇ ದಿನ ಜ್ವರ ಇಳಿಯಿತು. ದೇವರಿಗೆ ದೀಪ ಹಚ್ಚಿದೆ. ಅವತ್ತೇ ಸಂಜೆ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದ, ಕೈಕಾಲು ತಣ್ಣಗಾಗಿತ್ತು. ಪ್ಲೇಟ್‌ಲೆಟ್ 62,000. ಮೂರು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಜ್ವರ ಇಳಿದ ನಂತರದ ಒಂದೆರಡು ದಿನವೇ ಕಷ್ಟದ ಹೊತ್ತು ಅಂತ ನನಗೆ ಆಗ ಗೊತ್ತಿರಲಿಲ್ಲ. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಒಸಡಿನಲ್ಲಿ ರಕ್ತ, ಮಂಕು, ಮೂತ್ರ ಕಡಿಮೆ, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ. ಪಪ್ಪಾಯಿ ಎಲೆ ರಸ ಅರೆಯುತ್ತಾ ಕೂರಬೇಡಿ. ಮನೆಯಲ್ಲಿರುವಾಗ ಗಂಜಿ, ಎಳನೀರು, ಓಆರ್‌ಎಸ್ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಿರಿ.

ಜ್ವರದವರನ್ನು ಹಗಲಲ್ಲೂ ಪರದೆಯೊಳಗೇ ಮಲಗಿಸಿ. ಅವರನ್ನು ಕಚ್ಚಿದ ಮನೆ ಸೊಳ್ಳೆ ಆಮೇಲೆ ಅಜ್ಜಿಯನ್ನೂ ಕಚ್ಚುತ್ತದೆ. ವಾರಕ್ಕಿಂತ ಜಾಸ್ತಿ ಬೀಗ ಹಾಕಿ ಹೋಗಿದ್ದರೆ, ಬಂದ ತಕ್ಷಣ ಬ್ಯಾಗು ಬಿಚ್ಚುವ ಮುಂಚೆ ಬಚ್ಚಲಿನ ಬಕೆಟ್ಟು, ಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ ಖಾಲಿ ಮಾಡಿ, ಉಜ್ಜಿ ತೊಳೆಯಿರಿ.