ಕಲ್ಲು ಮೇಷ್ಟ್ರ ಬ್ಯಾಗು

ನಮ್ಮ ಭೂವಿಜ್ಞಾನದ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಅವರು ಕ್ಲಾಸಿನಲ್ಲಿ ಬರೆಸಿದ ನೋಟ್ಸು ನನಗೆ ಒಂದಕ್ಷರವೂ ನೆನಪಿಲ್ಲ. ಭಾನುವಾರ ಬೆಳಗ್ಗೆ ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ ನಮ್ಮನ್ನು ಬಂಡೆ ಹತ್ತಿಸುತ್ತಾ ಬುಡದಲ್ಲಿ ನಿಂತು ಅವರು ಕೂಗುತ್ತಿದ್ದುದು ಮಾತ್ರ ಕಿವಿಯಲ್ಲೇ ಇದೆ: "ಬಂಡೇನ ತಬ್ಕೋಬೇಡ್ವೋ! ಹಿಮ್ಮಡಿ ಇಳಿಸು, ಸೊಂಟ ಹಿಂದಕ್ಕೆ ತಗೋ!" ಹೆದರಿ ಕಲ್ಲಿಗೆ ಒರಗಿದಷ್ಟೂ ಕಾಲು ಜಾರುತ್ತದೆ. ನೆಟ್ಟಗೆ ನಿಂತರೆ ಮೈಭಾರವೇ ಬೂಟಿನ ರಬ್ಬರನ್ನು ಬಂಡೆಗೆ ಒತ್ತಿ ಹಿಡಿಯುತ್ತದೆ. ಇಷ್ಟನ್ನು ನಂಬೋದಕ್ಕೆ ನನಗೆ ಒಂದು ಇಡೀ ಚಳಿಗಾಲ ಬೇಕಾಯಿತು.

ಬ್ಯಾಗು ತುಂಬೋದರಲ್ಲೂ ಅವರದು ಅದೇ ಶಿಸ್ತು. ಭಾರದ ಸಾಮಾನು ನಡುಬೆನ್ನಿಗೆ ಅಂಟಿಕೊಂಡಿರಬೇಕು, ತಳಕ್ಕೆ ಹಾಸಿಗೆ ಬಟ್ಟೆ, ಮಳೆಕೋಟು ಕೈಗೆ ಸಿಗುವ ಹಾಗೆ ಮೇಲೆ.

ಸಾವನದುರ್ಗಕ್ಕೆ ಹೊರಟ ದಿನ ನಾನೂ ನನ್ನ ಬೆಂಚಿನ ಗೆಳೆಯನೂ ಕಾಲೇಜಿನ ಕಾಂಪೌಂಡಿಗೆ ತಂದು ಸುರಿದಿದ್ದ ಸೈಜುಗಲ್ಲಿನ ಒಂದು ಚೂರನ್ನು ಮೇಷ್ಟ್ರ ಬ್ಯಾಗಿನ ತಳಕ್ಕೆ ತುರುಕಿದೆವು. ಮಾಗಡಿ ಬಸ್ಸಿನ ತುಂಬ ನಮಗೆ ಒಳಗೊಳಗೇ ನಗು. ಮೇಷ್ಟ್ರು ಮಾತಿಲ್ಲದೆ ಸಾವನದುರ್ಗದ ಕರಿಗುಡ್ಡ ಹತ್ತಿದರು. ಸಮುದ್ರಮಟ್ಟದಿಂದ 1226 ಮೀಟರು ಎತ್ತರದ ಬೆಟ್ಟ, ಕೆಂಪೇಗೌಡರ ಕಾಲದ ಕೋಟೆ ಗೋಡೆ ದಾಟುವಷ್ಟರಲ್ಲಿ ನಮ್ಮ ನಾಲಿಗೆ ಹೊರಬಿದ್ದಿತ್ತು. ತುದಿಯ ನಂದಿ ಮಂಟಪದಲ್ಲಿ ಕೂತು, ಚಿತ್ರಾನ್ನದ ಡಬ್ಬಿಗಿಂತ ಮೊದಲು ಆ ಕಲ್ಲನ್ನು ಹೊರತೆಗೆದರು.

"ಕಲ್ಲಿಟ್ಟವರಿಗೆ ಪ್ಯಾಕಿಂಗ್ ಬರಲ್ಲ. ಭಾರ ತಳಕ್ಕೆ ಹಾಕಿದಾರೆ." ಆಮೇಲೆ ಅದರ ಕಪ್ಪು ಬಿಳಿ ಪಟ್ಟೆ ತೋರಿಸಿ, "ಇದು ನೈಸ್ ಅನ್ನೋ ಪಟ್ಟೆ ಶಿಲೆ. ನಮ್ಮ ಲಾಲ್‌ಬಾಗ್ ಬಂಡೆಯ ಜಾತಿ, ವಯಸ್ಸು ಸುಮಾರು 300 ಕೋಟಿ ವರ್ಷ. ನೀವು ಕೂತಿರೋದು ಕ್ಲೋಸ್‌ಪೇಟ್ ಗ್ರಾನೈಟ್, ರಾಮನಗರದ ಬೆಟ್ಟಗಳ ಕುಲ, 250 ಕೋಟಿ. ಅಜ್ಜನ್ನ ಮೊಮ್ಮಗನ ಮನೆಗೆ ಹೊರೆಸಿಕೊಂಡು ಬಂದಿದೀರಿ. ಬೆಟ್ಟದ ಮೇಲೆ ಏನೂ ಬಿಟ್ಟು ಹೋಗಬಾರದು, ವಾಪಸ್ ನೀವೇ ಇಳಿಸಿ" ಅಂದರು. ಯಾರು ಎಂದು ಕೇಳಲೇ ಇಲ್ಲ. ನೇರ ನಮ್ಮಿಬ್ಬರ ಮಧ್ಯೆ ಇಟ್ಟರು.

ಇಳಿಯುವಾಗ ಮೊಣಕಾಲು ಗಡಗಡ. ಆ ಚೂರು ನಾವು ಪಾಸಾಗುವವರೆಗೂ ಲ್ಯಾಬಿನ ಬೀರುವಿನಲ್ಲಿ ನಮ್ಮ ರೋಲ್ ನಂಬರ್ ಬರೆಸಿಕೊಂಡು ಸ್ಯಾಂಪಲ್ ಆಗಿ ಕೂತಿತ್ತು.

ಮುಂದೆ ನಾನು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ 28 ದಿನದ ಬೇಸಿಕ್ ಕೋರ್ಸ್ ಮುಗಿಸಿದೆ. ಅಲ್ಲಿ ಬ್ಯಾಗು ತುಂಬೋದನ್ನು ನನಗೆ ಯಾರೂ ಎರಡನೇ ಸಲ ಹೇಳಬೇಕಾಗಲಿಲ್ಲ. ಈಗಲೂ ಕುಮಾರಪರ್ವತ ಹತ್ತುವಾಗ, ದಾರಿಯಲ್ಲಿ ಚಾರಣಿಗರಿಗೆ ಊಟ ಹಾಕುವ ಭಟ್ಟರ ಮನೆಗೆ ನನ್ನ ಅರ್ಧ ವಯಸ್ಸಿನವರಿಗಿಂತ ಮೊದಲೇ ತಲುಪುತ್ತೇನೆ. ಹೇಳಬಾರದು, ಆದರೂ ಹೇಳಿದ್ದೇನೆ.

ಸಂತಾಪ ಸಭೆಯಲ್ಲಿ ಈಗಿನ ಹುಡುಗರು ಸಿಕ್ಕಿದ್ದರು. ಟ್ರೆಕ್ಕಿಗೆ ಹೊರಡಬೇಕಾದರೆ ಅಪ್ಪ ಅಮ್ಮನ ಸಹಿ, ಮುಚ್ಚಳಿಕೆ, ವಿಮೆ, ಎಷ್ಟೊಂದು ಕಾಗದ! ಸುರಕ್ಷತೆ ಬೇಡ ಅನ್ನುತ್ತಿಲ್ಲ, ಮೇಷ್ಟ್ರೇ ಪ್ರತಿ ಗಂಟನ್ನೂ ಎರಡು ಸಲ ನೋಡುತ್ತಿದ್ದರು. ಆದರೆ ಜೊತೆಗೆ ಹತ್ತುವ ಮೇಷ್ಟ್ರು ಯಾರಪ್ಪಾ ಅಂದರೆ ಹುಡುಗರು ಮುಖ ಮುಖ ನೋಡಿಕೊಂಡರು. ಭಾನುವಾರ ತುರಹಳ್ಳಿಗೆ ಬನ್ನಿ, ನಾನೇ ಹಗ್ಗ ಹಿಡಿಯುತ್ತೇನೆ ಅಂದೆ. ಒಬ್ಬ ಕೇಳಿದ, "ಸರ್, ಸರ್ಟಿಫಿಕೇಟ್ ಕೊಡ್ತೀರಾ?" ಸಿಟ್ಟು ನೆತ್ತಿಗೇರಿತು. ನನ್ನ ಕೋರ್ಸಿನ ಸರ್ಟಿಫಿಕೇಟ್ ಫ್ರೇಮ್ ಹಾಕಿಸಿಕೊಂಡು ನಡುಮನೆಯಲ್ಲಿ ತೂಗುತ್ತಿದೆ, ಆ ಮಾತು ಬೇರೆ.